ಉಣುಗೋಲು ತೆಗೆಯದ ಸಂಜೆ

ರಿಪೇರಿಗೆ ಹೋಗಿದ್ದ ನಮ್ಮ ಹಳೇ ಪಿಕಪ್ ಹನ್ನೊಂದು ತಿಂಗಳ ಮೇಲೆ ಮನೆಗೆ ಬಂತು. ಶಿವಮೊಗ್ಗದಿಂದ ಹೊರಟು ಆಯನೂರು, ರಿಪ್ಪನ್‌ಪೇಟೆ, ಹೊಸನಗರ ದಾಟಿ, ನಗರದ ಕಡೆ ತಿರುಗಿ, ಟಾರು ಬಿಟ್ಟು ನಮ್ಮೂರಿನ ಮಣ್ಣು ರಸ್ತೆಗೆ ಇಳಿದಾಗ ಸಂಜೆ ಆರೂವರೆ. ದಾರಿಯುದ್ದಕ್ಕೂ ನನಗೆ ಒಂದೇ ಯೋಚನೆ, ಅಮ್ಮ ಏನು ಹೇಳುತ್ತಾಳೆ ಅಂತ. ಹೊಸ ಬಣ್ಣ ನೋಡುತ್ತಾಳೆ, ಹಿಂದಿನ ಮತ್ತಿ ಹಲಗೆ ಮುಟ್ಟಿ ನೋಡುತ್ತಾಳೆ, ದೃಷ್ಟಿ ತೆಗೆಯುತ್ತಾಳೆ. ಇಷ್ಟನ್ನು ಮನಸ್ಸಿನಲ್ಲೇ ಎಷ್ಟು ಸಲ ನೋಡಿಕೊಂಡಿದ್ದೆನೋ. ಕೆರೆ ಏರಿಯ ತಿರುವು ಹತ್ತಿದೆ, ಬಿದಿರು ಮೆಳೆ ದಾಟಿದೆ, ಅಂಗಳದ ಬಾಯಿಗೆ ಬಂದು ನಿಂತೆ. ಉಣುಗೋಲು, ಅಂದರೆ ಅಂಗಳದ ಬಾಯಿಗೆ ಅಡ್ಡ ಹಾಕುವ ಮೂರು ಕೋಲು, ಹಾಕಿಯೇ ಇತ್ತು.

ಇದು ಬೇರೆಯವರಿಗೆ ಸಣ್ಣ ವಿಷಯ. ನನಗೆ ಮಾತ್ರ ಎದೆಯಲ್ಲಿ ಏನೋ ಜಾರಿದ ಹಾಗಾಯ್ತು. ಯಾಕೆಂದರೆ ನನಗೆ ಬುದ್ಧಿ ಬಂದಾಗಿನಿಂದ ಈ ಗಾಡಿ ಅಂಗಳಕ್ಕೆ ಬರುವ ಹೊತ್ತಿಗೆ ಉಣುಗೋಲು ತೆಗೆದಿರುತ್ತಿತ್ತು. ಅಮ್ಮ ಒಲೆಯ ಮುಂದೆ ಕೂತಿದ್ದರೂ, ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದರೂ, ಗಾಡಿ ಅತ್ತ ಕೆರೆ ಏರಿ ಹತ್ತುವಾಗಲೇ 'ಬಂತು' ಅನ್ನುತ್ತಿದ್ದಳು. ಅಲ್ಲಿಂದ ಮನೆಗೆ ಮೂರು ನಿಮಿಷ. ಅಷ್ಟರಲ್ಲಿ ಕಾಫಿಗೆ ನೀರಿಟ್ಟು, ಕೈ ಒರೆಸಿಕೊಂಡು, ಮೂರು ಕೋಲನ್ನೂ ಸರಿಸಿ ಪಕ್ಕದಲ್ಲಿ ನಿಂತಿರುತ್ತಿದ್ದಳು. ಮಳೆಗಾಲದಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು. ಆಶ್ಲೇಷದ ಮಳೆ ಹಂಚಿನ ಮೇಲೆ ಹೊಡೆಯುವಾಗ ಎದುರಿಗೆ ಕೂತವರ ಮಾತೇ ಕೇಳಿಸುವುದಿಲ್ಲ. ಆ ಸದ್ದಿನ ನಡುವೆಯೂ ಅವಳಿಗೆ ಗಾಡಿ ಕೇಳಿಸುತ್ತಿತ್ತು. ಊರಿಗೆ ಬೇರೆ ಜೀಪುಗಳು ಬರುತ್ತಿದ್ದವು, ಟ್ರ್ಯಾಕ್ಟರು ಬರುತ್ತಿತ್ತು. ಅವಕ್ಕೆಲ್ಲ ಅವಳು ಒಂದು ದಿನವೂ ಎದ್ದು ಹೋದದ್ದಿಲ್ಲ.

ಅವತ್ತು ನಾನು ಹಾರ್ನ್ ಮಾಡಬೇಕಾಯ್ತು. ಅಮ್ಮ ಜಗಲಿಗೆ ಬಂದು, ಕಣ್ಣಿಗೆ ಕೈ ಅಡ್ಡ ಹಿಡಿದು, 'ಯಾರದು? ಎಂತ ಬೇಕಿತ್ತು?' ಅಂದಳು. ಆಮೇಲೆ ಹತ್ತಿರ ಬಂದವಳೇ, 'ಅಯ್ಯೋ ನೀನಾ! ಗಾಡಿ ಬಂದದ್ದೇ ಗೊತ್ತಾಗ್ಲಿಲ್ಲ ಮಾರಾಯ' ಅಂತ ಗಡಿಬಿಡಿಯಲ್ಲಿ ಕೋಲು ಸರಿಸಿದಳು. ಬಣ್ಣ ನೋಡಿದಳು, ಹಲಗೆ ಮುಟ್ಟಿದಳು, ದೃಷ್ಟಿಯನ್ನೂ ತೆಗೆದಳು. ಎಲ್ಲ ನಾನಂದುಕೊಂಡ ಹಾಗೇ ನಡೆಯಿತು. ಆದರೆ ಆ 'ಯಾರದು' ನನ್ನನ್ನು ಬಿಡಲಿಲ್ಲ. ನಾಲ್ಕು ತಿಂಗಳಿಂದ ಅದನ್ನೇ ಯೋಚಿಸುತ್ತಿದ್ದೇನೆ.

ಎರಡನೇ ಗೇರು ಹಿಡಿಯುವ ಕೆಲಸ

ಗಾಡಿಯನ್ನು ಅಪ್ಪಯ್ಯ ಕೊಂಡದ್ದು 1988ರಲ್ಲಿ, ಒಂದು ಹರಾಜಿನಲ್ಲಿ. ನಮ್ಮ ಸೀಮೆಯಲ್ಲಿ ವಾರಾಹಿ, ಚಕ್ರಾ, ಸಾವೆಹಕ್ಕಲು ಅಂತ ಅಣೆಕಟ್ಟಿನ ಕೆಲಸಗಳು ನಡೆಯುತ್ತಿದ್ದ ಕಾಲ ಅದು. ಕೆಲಸ ಮುಗಿದ ಕಡೆಯಿಂದ ಹಳೆಯ ಜೀಪುಗಳು ಹರಾಜಿಗೆ ಬರುತ್ತಿದ್ದವು. ಮಹೀಂದ್ರಾ ಜೀಪಿನ ಮೂತಿ, ಹಿಂದೆ ತೆರೆದ ತೊಟ್ಟಿ, ನಾಲ್ಕೂ ಚಕ್ರಕ್ಕೆ ಶಕ್ತಿ, ಟ್ರ್ಯಾಕ್ಟರ್ ವಂಶದ ಡೀಸೆಲ್ ಎಂಜಿನ್ನು. ಗೇರ್ ಬಾಕ್ಸು ಮಾತ್ರ ಹಳೇ ಅಮೆರಿಕನ್ ವಿಲ್ಲಿಸ್ ಜೀಪುಗಳ ಕಾಲದ ಮೂರು ಗೇರಿನದ್ದು, ಟಿ-90. 1945ರಲ್ಲಿ ಯುದ್ಧ ಮುಗಿದ ಮೇಲೆ ಸಾಮಾನ್ಯ ಜನರಿಗೆ ಅಂತ ಬಂದ ಮೊದಲ ಜೀಪಿನಲ್ಲಿದ್ದ ಬಾಕ್ಸು ಅದು. ಮಹೀಂದ್ರಾದವರು 1947ರಲ್ಲಿ ನಮ್ಮಲ್ಲಿ ಜೀಪು ಜೋಡಿಸಲು ಶುರು ಮಾಡಿದಾಗ ಆ ವಂಶ ಇಲ್ಲಿಗೂ ಬಂತು. ಅದರಲ್ಲಿ ಎರಡನೇ, ಮೂರನೇ ಗೇರಿಗೆ ಸಿಂಕ್ರೋ ರಿಂಗು, ಅಂದರೆ ಹಲ್ಲುಗಳ ವೇಗವನ್ನು ತಾನೇ ಹೊಂದಿಸುವ ಬಳೆ, ಇದೆ, ಮೊದಲನೆಯದಕ್ಕೆ ಇಲ್ಲ. ಓಡುವ ಗಾಡಿಯನ್ನು ಮೊದಲ ಗೇರಿಗೆ ತರಬೇಕು ಅಂದರೆ ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತಂದು, ಕ್ಲಚ್ ಬಿಟ್ಟು, ಒಂದು ಸಲ ಆಕ್ಸಿಲರೇಟರ್ ತುಳಿದು ಒಳಗಿನ ಹಲ್ಲುಗಳ ವೇಗ ಏರಿಸಿ, ಮತ್ತೆ ಕ್ಲಚ್ ಒತ್ತಿ ಗೇರು ಹಾಕಬೇಕು. ಹಳೇ ಲಾರಿ ಡ್ರೈವರುಗಳು ಡಬಲ್ ಕ್ಲಚ್ ಅನ್ನುತ್ತಿದ್ದದ್ದು ಇದಕ್ಕೇ. ಹೊತ್ತು ತಪ್ಪಿದರೆ ಹಲ್ಲಿಗೆ ಹಲ್ಲು ತಾಗಿ ಕರಕರ ಅನ್ನುತ್ತದೆ.

ಅಪ್ಪಯ್ಯನಿಗೆ ಅದು ಉಸಿರಾಡಿದಷ್ಟು ಸಲೀಸು. ತೊಂದರೆ ಇದ್ದದ್ದು ಎರಡನೇ ಗೇರಿನಲ್ಲಿ. ಇಳಿಜಾರಿನಲ್ಲಿ ಎಂಜಿನ್ನು ಗಾಡಿಯನ್ನು ಹಿಡಿದು ನಿಲ್ಲಿಸುವ ಹೊತ್ತಲ್ಲಿ ಅದು ತಾನಾಗಿ ಹಾರಿ ನ್ಯೂಟ್ರಲ್‌ಗೆ ಬರುತ್ತಿತ್ತು. ಟಿ-90 ಇಟ್ಟುಕೊಂಡವರಿಗೆಲ್ಲ ಗೊತ್ತಿರುವ ಕಾಯಿಲೆ ಇದು. ಒಳಗಿನ ವಾಷರುಗಳು ಸವೆದು ಕ್ಲಸ್ಟರ್ ಗೇರು (ಹಲವು ಗೇರು ಒಂದೇ ತುಂಡಾಗಿರುವ ಭಾಗ) ಹಿಂದೆ ಮುಂದೆ ಆಡುತ್ತದೆ, ಗೇರನ್ನು ಜಾಗದಲ್ಲಿ ಹಿಡಿಯುವ ಗುಂಡು ಮತ್ತು ಸ್ಪ್ರಿಂಗು ಸೋತಿರುತ್ತವೆ, ಭಾರ ತಿರುಗಿದ ಕೂಡಲೇ ಹಲ್ಲು ಬಿಟ್ಟುಕೊಳ್ಳುತ್ತದೆ. ಸಮತಟ್ಟು ರಸ್ತೆಯಲ್ಲಾದರೆ ಕಿರಿಕಿರಿ ಅಷ್ಟೆ. ಘಾಟಿಯಲ್ಲಾದರೆ ಪ್ರಾಣದ ಪ್ರಶ್ನೆ.

ಆಗ ನನಗೆ ಹತ್ತು ವರ್ಷ. ಬಾಳೆಗೊನೆ ತುಂಬಿಕೊಂಡು ಹುಲಿಕಲ್ ಘಾಟಿ ಇಳಿದು ಕುಂದಾಪುರದ ಕಡೆ ಹೋಗುವುದು, ಬರುವಾಗ ಹಂಚು ಹೇರಿಕೊಂಡು ಬರುವುದು. ರಜೆಯಲ್ಲಿ ನಾನೂ ಹೋಗುತ್ತಿದ್ದೆ. ಚಂಡಿಕಾಂಬೆ ಗುಡಿಯ ಹತ್ತಿರ ಎಲ್ಲರ ಹಾಗೆ ಅಪ್ಪಯ್ಯನೂ ನಿಲ್ಲಿಸಿ ಕಾಯಿ ಒಡೆಯುತ್ತಿದ್ದ. ವಾಪಸು ಬಂದು ಕೂತು, ಎರಡನೇ ಗೇರಿಗೆ ಹಾಕಿ, 'ಹಿಡ್ಕ' ಅನ್ನುತ್ತಿದ್ದ. ನಾನು ಎರಡೂ ಕೈಯಿಂದ ಗೇರ್ ಲಿವರಿನ ಗುಂಡು ಹಿಡಿದು ಒತ್ತಿಕೊಂಡು ಕೂರಬೇಕು. ಆ ಸ್ಟೇರಿಂಗು ತಿರುವುಗಳಲ್ಲಿ ಎರಡು ಕೈ ಕೇಳುತ್ತಿತ್ತು, ಅಪ್ಪಯ್ಯನಿಗೆ ಗೇರು ಹಿಡಿಯಲು ಮೂರನೇ ಕೈ ಇರಲಿಲ್ಲ. ನನ್ನದು ಆ ಕೈ. ಲಿವರಿನ ನಡುಕ ಅಂಗೈಯಿಂದ ಮೊಣಕೈಗೆ, ಮೊಣಕೈಯಿಂದ ಹೆಗಲಿಗೆ ಏರುತ್ತಿತ್ತು. ಗೇರು ಹಾರುವುದಕ್ಕೆ ಮುಂಚೆ ಆ ನಡುಕ ಬದಲಾಗುತ್ತಿತ್ತು, ಸಣ್ಣಗೆ ಹಿಂದಕ್ಕೆ ತಳ್ಳಿದ ಹಾಗೆ. ಆ ತಳ್ಳುವಿಕೆ ಬಂತೋ, ನಾನು ಮೈಭಾರವನ್ನೆಲ್ಲ ಹಾಕುತ್ತಿದ್ದೆ.

ಒಂದು ಸಲ ಬಿಟ್ಟುಬಿಟ್ಟೆ. ಜಿಟಿಜಿಟಿ ಮಳೆ ಇತ್ತು. ಪಕ್ಕದ ಕಿಟಕಿಯ ಪರದೆ ಬಿಚ್ಚಿಕೊಂಡು ಮುಖಕ್ಕೆ ಹೊಡೆಯಿತು ಅಂತ ಒಂದು ಕೈ ತೆಗೆದೆ, ಅಷ್ಟೆ. ಟಕ್ ಅಂತ ಲಿವರು ಇನ್ನೊಂದು ಕೈಯನ್ನೂ ಕೊಡವಿಕೊಂಡು ನ್ಯೂಟ್ರಲ್‌ಗೆ ಬಂತು. ಎಂಜಿನ್ನಿನ ಸದ್ದು ಒಮ್ಮೆಲೇ ತಣ್ಣಗಾಯ್ತು. ಆ ತಣ್ಣಗಿನ ಸದ್ದನ್ನು ನಾನು ಇವತ್ತಿಗೂ ಮರೆತಿಲ್ಲ. ಗಾಡಿ ಮುಂದಕ್ಕೆ ಜಿಗಿಯಿತು. ಅಪ್ಪಯ್ಯ ಬ್ರೇಕನ್ನು ಎರಡು ಸಲ ಪಂಪ್ ಮಾಡಿ ತುಳಿದ, ಗುಡ್ಡದ ಧರೆಯ ಕಡೆಗೆ ಒತ್ತಿಸಿಕೊಂಡ, ಎಂಜಿನ್ನನ್ನು ಒಮ್ಮೆ ಗುರ್ ಅನ್ನಿಸಿ ಮತ್ತೆ ಎರಡನೇ ಗೇರಿಗೆ ಕೂರಿಸಿದ. ಎಡಗಡೆ ಕಣಿವೆ, ಮಂಜು ತುಂಬಿಕೊಂಡಿತ್ತು. ಬೈಯಲಿಲ್ಲ. ಕಿಟಕಿಯ ಪರದೆಯನ್ನು ತಾನೇ ಬಗ್ಗಿ ಸಿಕ್ಕಿಸಿ, 'ಹಿಡ್ಕ, ಬಿಡ್ಬೇಡ' ಅಂದ. ಹೊಸಂಗಡಿ ಬರುವವರೆಗೆ ಇಬ್ಬರೂ ಮಾತಾಡಲಿಲ್ಲ.

ಬಾಕ್ಸು ಬಿಚ್ಚಿದ ದಿನ

ಗಾಡಿ ಕೆಲವು ವರ್ಷದಿಂದ ಅಡಿಕೆ ಮನೆಯ ಪಕ್ಕ ಸುಮ್ನೆ ನಿಂತಿತ್ತು. ನಮ್ಮ ಕಡೆ ಮಳೆಗೆ ನಿಂತ ಕಬ್ಬಿಣ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ. ಕಾಲಿಡುವ ತಗಡು ಉದುರಿತ್ತು, ವೈರನ್ನೆಲ್ಲ ಇಲಿ ತಿಂದಿತ್ತು, ನಾಲ್ಕೂ ಬ್ರೇಕ್ ಡ್ರಮ್ಮು ಕಚ್ಚಿಕೊಂಡಿದ್ದವು. ಚಾಸಿ ಮಾತ್ರ ಗಟ್ಟಿ ಇತ್ತು. ಅಪ್ಪಯ್ಯ ಪ್ರತಿ ಮಳೆಗಾಲಕ್ಕೆ ಮೊದಲು ಅದಕ್ಕೆ ಸುಟ್ಟ ಎಂಜಿನ್ ಆಯಿಲ್ ಹಚ್ಚುತ್ತಿದ್ದದ್ದು ಉಳಿಸಿತ್ತು. ಕಾಗದಪತ್ರವೂ ಸರಿ ಇತ್ತು. ಹದಿನೈದು ವರ್ಷ ಮುಗಿದ ಮೇಲೆ ಐದೈದು ವರ್ಷಕ್ಕೆ ಮಾಡಿಸುವ ನೋಂದಣಿಯ ನವೀಕರಣವನ್ನು ಅವನು ಒಂದು ಸಲವೂ ತಪ್ಪಿಸಿರಲಿಲ್ಲ. ಲಾರಿ ಮೇಲೆ ಹೇರಿಸಿ ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿಗೆ ತಂದೆವು. ಟಿಂಕರಿಂಗು, ಬ್ರೇಕು, ಕಿಂಗ್ ಪಿನ್ ಬೇರಿಂಗು, ಸ್ಪ್ರಿಂಗ್ ಪ್ಲೇಟು, ವೈರಿಂಗು, ಇವೆಲ್ಲ ದುಡ್ಡು ಮತ್ತು ತಾಳ್ಮೆ ಕೇಳುವ ಕೆಲಸಗಳು. ಆದವು. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ.

ಗೇರ್ ಬಾಕ್ಸು ಬಿಚ್ಚುವ ದಿನ ಅಪ್ಪಯ್ಯನನ್ನೂ ಕರೆದುಕೊಂಡು ಹೋಗಿದ್ದೆ. ಅವನಿಗೀಗ ಮಂಡಿ ನೋವು, ಗಾಡಿ ಓಡಿಸುವುದಿಲ್ಲ. ಮೆಕ್ಯಾನಿಕ್ ಭಾಯ್ ಒಂದು ಕುರ್ಚಿ ತಂದು ಹಾಕಿದರು. ಆಯಿಲ್ ಇಳಿಸಿ, ಮೇಲಿನ ಮುಚ್ಚಳ ತೆಗೆದು, ಟಾರ್ಚ್ ಹಿಡಿದು ಕೈಯಿಂದ ಶಾಫ್ಟು ತಿರುಗಿಸುತ್ತ ಒಂದೊಂದೇ ಹಲ್ಲು ನೋಡುತ್ತ ಬಂದರು. ಸಿಂಕ್ರೋದ ಹಿತ್ತಾಳೆ ರಿಂಗುಗಳು ಸವೆದು ನುಣ್ಣಗಾಗಿದ್ದವು. ಕ್ಲಸ್ಟರು ಕೈಯಲ್ಲೇ ಆಡುತ್ತಿತ್ತು. (ಹಳೇ ಗಾಡಿ ಇಟ್ಟುಕೊಂಡವರಿಗೆ ಒಂದು ಮಾತು. ಗೇರ್ ಆಯಿಲ್ ಡಬ್ಬಿಯ ಮೇಲೆ ಬರೆದದ್ದು ಓದಿ. ಆಕ್ಸಲಿನ ಕ್ರೌನ್ ಪಿನಿಯನ್‌ಗೆ ಹಾಕುವ ಜಿಎಲ್-5 ಆಯಿಲಿನಲ್ಲಿರುವ ಗಂಧಕದ ಅಂಶ ಹಿತ್ತಾಳೆ ರಿಂಗನ್ನು ತಿನ್ನಬಹುದು. ಇಂಥ ಬಾಕ್ಸಿಗೆ ಜಿಎಲ್-4 ಹಾಕುವುದು ಒಳ್ಳೆಯದು. ಎರಡಕ್ಕೂ 90 ಅಂತ ಬರೆದಿರುತ್ತದೆ ಅಂತ ಒಂದೇ ಅಂದುಕೊಳ್ಳಬೇಡಿ.) ಆಮೇಲೆ ಭಾಯ್ ಒಂದು ಕಡೆ ನಿಲ್ಲಿಸಿ, 'ಗೌಡ್ರೆ, ಇಲ್ಲಿ ನೋಡಿ' ಅಂದರು. ಕ್ಲಸ್ಟರಿನಲ್ಲಿ ಮೊದಲ ಗೇರಿನ ಒಂದು ಹಲ್ಲಿನ ಮೂಲೆ ಮುರಿದಿತ್ತು. ಮುರಿದ ಜಾಗ ಹಳೆಯದಾಗಿ, ಉಜ್ಜಿ ಉಜ್ಜಿ ದುಂಡಗಾಗಿತ್ತು. 'ಇದು ಯಾವ ಕಾಲದ್ದೋ' ಅಂದರು ಭಾಯ್.

'ತೊಂಬತ್ತೊಂಬತ್ತರದ್ದು,' ಅಂದ ಅಪ್ಪಯ್ಯ ಕುರ್ಚಿಯಿಂದಲೇ. 'ಇವನು ಮುರಿದದ್ದು.'

ನನಗೆ ಗೊತ್ತೇ ಇರಲಿಲ್ಲ. ಆ ದಿನ ಮಾತ್ರ ನೆನಪಿದೆ. ನಾನು ಗಾಡಿ ಕಲಿಯುತ್ತಿದ್ದೆ. ನಗರದಿಂದ ಬರುವಾಗ ನನ್ನ ಕೈಗೆ ಕೊಟ್ಟಿದ್ದ. ಕೆರೆ ಏರಿಯ ತಿರುವಿನಲ್ಲಿ ಎರಡನೇ ಗೇರು ಎಳೆಯಲಾರದೆ ಎಂಜಿನ್ನು ಕೆಮ್ಮಿತು. ಡಬಲ್ ಕ್ಲಚ್ ಮರೆತು ಗಾಬರಿಯಲ್ಲಿ ನೇರ ಮೊದಲನೆಯದಕ್ಕೆ ಎಳೆದೆ. ಕರ್ ಅಂತ ಅಷ್ಟು ಜೋರಾಗಿ ಸದ್ದಾಯ್ತು ಅಂದರೆ ಗದ್ದೆಯಲ್ಲಿದ್ದವರು ತಲೆ ಎತ್ತಿ ನೋಡಿದರು. ಅಪ್ಪಯ್ಯ ಏನೂ ಅನ್ನಲಿಲ್ಲ. ಆ ವರ್ಷ ಆಯುಧ ಪೂಜೆಗೆ ಆಯಿಲ್ ಬದಲಿಸುವಾಗ ಅವನಿಗೆ ಹಲ್ಲಿನ ಚೂರು ಸಿಕ್ಕಿತಂತೆ. 'ಆಗಲೇ ಯಾಕೆ ಹೇಳಲಿಲ್ಲ?' ಅಂತ ಕೇಳಿದೆ. ಅಪ್ಪಯ್ಯ ಬಾಕ್ಸಿನ ಕಡೆಗೇ ನೋಡುತ್ತ, 'ಹೇಳಿದ್ರೆ ನೀನು ಮತ್ತೆ ಸ್ಟೇರಿಂಗ್ ಮುಟ್ತಿರ್ಲಿಲ್ಲ' ಅಂದ. ಭಾಯ್ ಟಾರ್ಚ್ ಆರಿಸಿ ಟೀ ಹೇಳಲು ಹೋದರು.

ಬದಲಿಸುವುದಾ, ಸರಿಮಾಡುವುದಾ

ಎರಡು ವಾರ ಇದೇ ಚರ್ಚೆ. ಹಳೇ ಬಾಕ್ಸನ್ನೇ ಸರಿಮಾಡಬೇಕು ಅಂತ ನನ್ನ ಹಟ. ಬೆಂಗಳೂರಿನ ಜೆಸಿ ರೋಡಿನಲ್ಲಿ ಎರಡು ದಿನ ಅಲೆದೆ. ಸಿಂಕ್ರೋ ರಿಂಗು ಸಿಕ್ಕಿತು, ಒಳ್ಳೆಯ ಕ್ಲಸ್ಟರು ಸಿಗಲಿಲ್ಲ. ಸಿಕ್ಕ ಒಂದರ ಹಲ್ಲುಗಳನ್ನು ಭಾಯ್ ಉಗುರಿನಿಂದ ಸವರಿ ನೋಡಿ ಪಕ್ಕಕ್ಕಿಟ್ಟರು. ಕೊನೆಗೆ ತೀರ್ಮಾನ ಮಾಡಿದ್ದು ಅಪ್ಪಯ್ಯ. 'ನಿನ್ನ ಮಗ ಪಕ್ಕದಲ್ಲಿ ಕೂತು ಗೇರು ಹಿಡೀಬೇಕಾ?' ಅಂತ ಕೇಳಿದ. ಅಲ್ಲಿಗೆ ಮಾತು ಮುಗಿಯಿತು. ನಾಲ್ಕು ಗೇರಿನ, ನಾಲ್ಕಕ್ಕೂ ಸಿಂಕ್ರೋ ಇರುವ ಬಾಕ್ಸು ಹುಡುಕಲು ಶುರು ಮಾಡಿದೆವು. ಎಂಎಂ 540 ಜೀಪುಗಳಲ್ಲಿ ಬರುತ್ತಿದ್ದ ಕೆಎಂಟಿ-90 ಅನ್ನುವ ಬಾಕ್ಸು ಗುಜರಿಗೆ ಬಂದ ಒಂದು ಜೀಪಿನಲ್ಲಿ ಸಿಕ್ಕಿತು.

ಗೇರ್ ಬಾಕ್ಸು ಬದಲಿಸುವುದು ಅಂದರೆ ಒಂದನ್ನು ಇಳಿಸಿ ಇನ್ನೊಂದನ್ನು ಏರಿಸುವುದು ಅಂತ ನಾನು ತಿಳಿದಿದ್ದೆ. ಅದು ಮುಂದೆ ಎಂಜಿನ್ನಿಗೆ, ಹಿಂದೆ ಎರಡು ಆಕ್ಸಲಿಗೂ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿಗೆ, ಕೆಳಗೆ ಚಾಸಿಗೆ, ಮೇಲೆ ಡ್ರೈವರಿನ ಕೈಗೆ ಅಂಟಿಕೊಂಡಿರುತ್ತದೆ. ಒಂದು ಬದಲಾದರೆ ನಾಲ್ಕು ಕಡೆಯೂ ಬದಲಾಗಬೇಕು. ಆ ಜೀಪಿನದು ಪ್ಯೂಜೋ ಎಂಜಿನ್ನು, ನಮ್ಮದು ಬೇರೆ, ಹಾಗಾಗಿ ಎಂಜಿನ್ನಿಗೂ ಬಾಕ್ಸಿಗೂ ನಡುವಿನ ಕವಚ, ಬೆಲ್ ಹೌಸಿಂಗ್, ಹೊಂದಲಿಲ್ಲ. ನಮ್ಮ ಬೆಲ್ ಹೌಸಿಂಗ್ ಇಟ್ಟುಕೊಂಡು ನಡುವೆ ಒಂದು ಸ್ಟೀಲ್ ಪ್ಲೇಟು ಹಾಕಬೇಕಾಯ್ತು. ಪ್ಲೇಟಿನ ದಪ್ಪ 12 ಮಿಲಿಮೀಟರ್. ಅಂದರೆ ಬಾಕ್ಸು ಅಷ್ಟು ಹಿಂದೆ ಹೋಯಿತು. ಆಗ ಅದರ ಮುಂದಿನ ಶಾಫ್ಟಿನ ತುದಿ ಎಂಜಿನ್ನಿನ ಪೈಲಟ್ ಬುಷ್‌ಗೆ ಪೂರ್ತಿ ಹೋಗುವುದಿಲ್ಲ, ಬುಷ್ ಉದ್ದ ಮಾಡಬೇಕು. ಕ್ಲಚ್ ಪ್ಲೇಟಿನ ನಡುವಿನ ಹಲ್ಲು ಹೊಸ ಶಾಫ್ಟಿಗೆ ಕೂರಬೇಕು. ಬಾಕ್ಸು ಉದ್ದ, ಹಾಗಾಗಿ ಟ್ರಾನ್ಸ್‌ಫರ್ ಕೇಸು ಹಿಂದೆ ಸರಿಯಿತು. ಅಲ್ಲಿಂದ ಆಕ್ಸಲಿಗೆ ಶಕ್ತಿ ಒಯ್ಯುವ ಹಿಂದಿನ ಪ್ರೊಪೆಲ್ಲರ್ ಶಾಫ್ಟು ಕತ್ತರಿಸಬೇಕು, ಮುಂದಿನದನ್ನು ಉದ್ದ ಮಾಡಬೇಕು.

ಪ್ಲೇಟು ಮತ್ತು ಬುಷ್ ಮಾಡಿಕೊಟ್ಟವರು ಭದ್ರಾವತಿಯ ಒಬ್ಬ ಹಿರಿಯರು. ಕಬ್ಬಿಣದ ಕಾರ್ಖಾನೆಯಲ್ಲಿ ಬದುಕಿಡೀ ಲೇತಿನ ಮುಂದೆ ನಿಂತು ನಿವೃತ್ತರಾದವರು. 1923ರಿಂದ ಕಬ್ಬಿಣ ಕರಗಿಸಿದ ಊರು ಅದು, ಅಲ್ಲಿನ ಕೈಗಳೇ ಬೇರೆ. ನಾನು ಚೀಟಿಯಲ್ಲಿ ಅಳತೆ ಬರೆದುಕೊಂಡು ಹೋಗಿದ್ದೆ. ಅವರು ಚೀಟಿ ನೋಡಲೇ ಇಲ್ಲ. 'ಎರಡೂ ವಸ್ತು ತನ್ನಿ, ಅಳತೆ ನಾನು ತಗೋತೀನಿ' ಅಂದರು. ಮರುದಿನ ಬೆಲ್ ಹೌಸಿಂಗು, ಗೇರ್ ಬಾಕ್ಸು ಎರಡನ್ನೂ ಆಟೋದಲ್ಲಿ ಹೊತ್ತು ಹೋದೆ. ಪ್ಲೇಟಿನ ನಡುವಿನ ತೂತು ಎಂಜಿನ್ನಿನ ನಡುವಿಗೆ ಸರಿಯಾಗಿ ಬರಬೇಕು. ಕೂದಲೆಳೆ ಅತ್ತಿತ್ತ ಆದರೂ ಶಾಫ್ಟು ಓರೆಯಾಗಿ ತಿರುಗಿ, ಬುಷ್ ತಿಂದು, ಕೊನೆಗೆ ಹೊಸ ಬಾಕ್ಸೂ ಗೇರು ಹಾರಿಸಲು ಶುರು ಮಾಡುತ್ತದೆ. ಅವರು ಡಯಲ್ ಗೇಜ್ ಇಟ್ಟು ಕೈಯಿಂದ ನಿಧಾನ ತಿರುಗಿಸುತ್ತ ಮುಳ್ಳು ನೋಡುತ್ತಿದ್ದರು. 'ಎರಡು ಥೌ ಇದೆ' ಅಂದು, ಅಂದರೆ ಇಂಚಿನ ಸಾವಿರದಲ್ಲಿ ಎರಡು ಪಾಲು, ಬಿಚ್ಚಿದರು. ಮತ್ತೆ ಕಟ್ಟಿದರು. ಮುಳ್ಳು ಅಲ್ಲಾಡದ ಹಾಗೆ ನಿಂತ ಮೇಲೆ ಕನ್ನಡಕ ತೆಗೆದರು. ಗನ್ ಮೆಟಲ್ ಬುಷ್‌ ಅನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ ಕೊಟ್ಟರು. ಇಷ್ಟು ಕಾಳಜಿಯ ಕೆಲಸ ಗಾಡಿಯ ಹೊಟ್ಟೆಯೊಳಗೆ ಹೋಗಿ ಯಾರ ಕಣ್ಣಿಗೂ ಬೀಳದೆ ಕೂತಿದೆ. ಆರ್‌ಸಿ ಪುಸ್ತಕದಲ್ಲಿ ಚಾಸಿ ನಂಬರ್ ಇದೆ, ಎಂಜಿನ್ ನಂಬರ್ ಇದೆ, ಗೇರ್ ಬಾಕ್ಸಿನ ಹೆಸರೇ ಇಲ್ಲ. ನಾನಾದರೂ ಇಲ್ಲಿ ಬರೆದಿಡುತ್ತೇನೆ.

ಪ್ರೊಪೆಲ್ಲರ್ ಶಾಫ್ಟಿನಲ್ಲಿ ಒಂದು ತಪ್ಪಾಯ್ತು. ಮೊದಲ ಸಲ ಸಾಗರ ರಸ್ತೆಗೆ ತೆಗೆದುಕೊಂಡು ಹೋದಾಗ 40ರ ಮೇಲೆ ಇಡೀ ಗಾಡಿ ನಡುಗಲು ಶುರು. ಹೊಸ ಬಾಕ್ಸೇ ಸರಿಯಿಲ್ಲ ಅಂತ ನನಗೆ ಅಳು ಬರುವುದೊಂದು ಬಾಕಿ. ಭಾಯ್ ಕೆಳಗೆ ಮಲಗಿ ನೋಡಿ ಎರಡೇ ನಿಮಿಷಕ್ಕೆ ಹೊರಗೆ ಬಂದರು. ಶಾಫ್ಟು ಕತ್ತರಿಸಿ ಬೆಸುಗೆ ಹಾಕಿದ ಕಡೆ ಎರಡು ತುದಿಯ ಯೋಕುಗಳನ್ನು (ಜಾಯಿಂಟು ಹಿಡಿಯುವ ಕವಲುಗಳನ್ನು) ಒಂದೇ ಸಾಲಿಗೆ ಇಟ್ಟಿರಲಿಲ್ಲ. ಓರೆಯಾಗಿ ತಿರುಗುವ ಒಂದು ಜಾಯಿಂಟು ಪ್ರತಿ ಸುತ್ತಿಗೆ ಎರಡು ಸಲ ವೇಗ ಏರಿಸಿ ಇಳಿಸುತ್ತದೆ. ಇನ್ನೊಂದು ತುದಿಯ ಜಾಯಿಂಟು ಸರಿಯಾದ ಸಾಲಿನಲ್ಲಿದ್ದರೆ ಆ ಏರಿಳಿತವನ್ನು ಅಳಿಸುತ್ತದೆ. ಸಾಲು ತಪ್ಪಿದರೆ ಎರಡೂ ಸೇರಿ ಜಾಸ್ತಿ ಮಾಡುತ್ತವೆ. ಹಳೇ ಶಾಫ್ಟಿನ ಮೇಲೆ ಇದಕ್ಕೆಂದೇ ಬಾಣದ ಗುರುತು ಇತ್ತು, ಬಣ್ಣದ ಅಡಿಯಲ್ಲಿ ಯಾರೂ ನೋಡಿರಲಿಲ್ಲ. ಮತ್ತೆ ಕತ್ತರಿಸಿ, ಸಾಲು ಮಾಡಿ, ಬ್ಯಾಲೆನ್ಸ್ ಮಾಡಿಸಿದ ಮೇಲೆ ಗಾಡಿ ಬೆಣ್ಣೆಯ ಹಾಗೆ ಹೋಯಿತು.

ಹೊಸ ಬಾಕ್ಸು ಹಾಕುವ ಮುಂಚೆ ನಾನು ಹಿಂದಿನ ಆಕ್ಸಲಿನ ಹಲ್ಲು ಎಣಿಸಿದ್ದೆ. ಕ್ರೌನ್‌ನಲ್ಲಿ 43, ಪಿನಿಯನ್‌ನಲ್ಲಿ 8. ಹಳೇ ಬಾಕ್ಸಿನ ಮೊದಲ ಗೇರು 2.798, ಟ್ರಾನ್ಸ್‌ಫರ್ ಕೇಸಿನ ಲೋ ಗೇರು 2.46. ಎಲ್ಲ ಗುಣಿಸಿದರೆ ಎಂಜಿನ್ನು 37 ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು. ಆಷಾಢದ ಕೆಸರಲ್ಲಿ ಮೈಲುತುತ್ತ, ಸುಣ್ಣ, ಎರಡು ಡ್ರಮ್ಮು ನೀರು ಹೇರಿಕೊಂಡು ತೋಟದ ದಾರಿಯಲ್ಲಿ ಆಮೆಯ ಹಾಗೆ ಹತ್ತುತ್ತಿದ್ದದ್ದು ಈ 37ರಿಂದ. ಹೊಸ ಬಾಕ್ಸಿನ ಮೊದಲ ಗೇರು ಇನ್ನೂ ಬಲವಾದದ್ದು. ಟ್ರಾನ್ಸ್‌ಫರ್ ಕೇಸು ಮಾತ್ರ ಹಳೆಯದನ್ನೇ ಉಳಿಸಿಕೊಂಡೆವು. ಅದರ ಗೇರುಗಳ ಕೊರಗು ಈಗಲೂ ಇದೆ. ಮುಂದಿನ ಚಕ್ರಕ್ಕೆ ಶಕ್ತಿ ಕೊಟ್ಟುಕೊಂಡು ಒಣ ಟಾರಿನಲ್ಲಿ ಓಡಿಸಬಾರದು ಅನ್ನುವ ಅಪ್ಪಯ್ಯನ ಕಟ್ಟಳೆಯೂ ಹಾಗೇ ಇದೆ. ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಜಾಸ್ತಿ ದೂರ ಹೋಗುತ್ತದೆ, ಆ ವ್ಯತ್ಯಾಸವನ್ನು ಬಿಟ್ಟುಕೊಡುವ ವ್ಯವಸ್ಥೆ ಈ ಗಾಡಿಯ ನಡುವಿನಲ್ಲಿ ಇಲ್ಲ. ಕೆಸರು ಜಾರಿ ಬಿಟ್ಟುಕೊಡುತ್ತದೆ, ಟಾರು ಬಿಡುವುದಿಲ್ಲ.

ಅಮ್ಮ ಕೇಳಿಸಿಕೊಂಡದ್ದು

ಗಾಡಿ ಬಂದ ಮೇಲೆ ಒಂದು ದಿನ ಅಡಿಕೆ ಸುಲಿಯುತ್ತ ಕೂತಿದ್ದಾಗ ಅಮ್ಮನನ್ನು ಕೇಳಿದೆ. ಮೊದಲೆಲ್ಲ ನಿಂಗೆ ಹೇಗೆ ಗೊತ್ತಾಗ್ತಿತ್ತು, ಏನು ಕೇಳಿಸ್ತಿತ್ತು ಅಂತ. ಅವಳು ಮೆಟ್ಟುಗತ್ತಿಯಿಂದ ಕೈ ತೆಗೆಯದೆ ಹೇಳಿದಳು. 'ಕೆರೆ ಏರಿ ತಿರುವಿನಲ್ಲಿ ಒಂದ್ಸಲ ಸುಮ್ಮನಾಗ್ತದೆ. ಆಮೇಲೆ ಒಂದ್ಸಲ ಹೂಂ ಅಂತದೆ. ಮತ್ತೆ ಸುಮ್ಮನೆ. ಆಮೇಲೆ ಟಿಕ್ಕು ಟಿಕ್ಕು ಅಂತ ಹತ್ತಿ ಬರ್ತದೆ.'

ನಾನು ಸುಲಿಯುವುದು ನಿಲ್ಲಿಸಿದೆ. ಅಮ್ಮ ಜೀವನದಲ್ಲಿ ಸ್ಟೇರಿಂಗ್ ಹಿಡಿದವಳಲ್ಲ. ಆದರೆ ಅವಳು ಹೇಳಿದ್ದು ಡಬಲ್ ಕ್ಲಚ್ಚಿನ ಪೂರ್ತಿ ಕ್ರಮ. ಮೊದಲ ಸುಮ್ಮನೆ ನ್ಯೂಟ್ರಲ್. ಹೂಂ ಅಂದದ್ದು ಅಪ್ಪಯ್ಯನ ಬಲಗಾಲು. ಎರಡನೇ ಸುಮ್ಮನೆ ಗೇರು ಬೀಳುವ ಹೊತ್ತು. ಮೊದಲ ಗೇರಿಗೆ ಸಿಂಕ್ರೋ ಇಲ್ಲದ್ದರಿಂದ ಅಪ್ಪಯ್ಯ ಆ ತಿರುವಿನಲ್ಲಿ ಪ್ರತಿ ಸಲ ಅದನ್ನು ಮಾಡಲೇಬೇಕಿತ್ತು. ಹೊಸ ಬಾಕ್ಸಿನಲ್ಲಿ ಅದು ಬೇಕಿಲ್ಲ, ಕ್ಲಚ್ ಒತ್ತಿ ಎಳೆದರೆ ಗೇರು ಬೀಳುತ್ತದೆ. ಊರಿನ ಬೇರೆ ಜೀಪುಗಳೂ ಹಾಗೇ ಬರುತ್ತವೆ. ಮತ್ತೆ ಆ ಟಿಕ್ಕು? ಅದನ್ನು ಕೇಳುವ ಧೈರ್ಯ ಒಂದು ಗಳಿಗೆ ಬರಲಿಲ್ಲ. ಕೇಳಿದೆ. 'ಅದು ಮೊದಲು ಇರ್ಲಿಲ್ಲ,' ಅಂದಳು. 'ನೀನು ಗಾಡಿ ಕಲಿತ ವರ್ಷದಿಂದ ಬಂತು.'

ಹಾಗಾದರೆ ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಾಲ ಅಪ್ಪಯ್ಯನಿಗೂ ಗೊತ್ತಿತ್ತು, ಅಮ್ಮನಿಗೂ ಗೊತ್ತಿತ್ತು. ಅಪ್ಪಯ್ಯ ಆ ಹಲ್ಲಿಗೆ ಭಾರ ಬೀಳದ ಹಾಗೆ ಮೆಲ್ಲಗೆ ಕ್ಲಚ್ ಬಿಟ್ಟುಕೊಂಡು ಓಡಿಸಿದ. ಅಮ್ಮ ಅದರ ಸದ್ದಿಗೆ ಕಾಫಿಗೆ ನೀರಿಟ್ಟಳು. ನಾನು ಇಳಿಜಾರಿನಲ್ಲಿ ಸೋತ ಸ್ಪ್ರಿಂಗಿನ ಜಾಗದಲ್ಲಿ ನನ್ನ ಎರಡು ಕೈ ಇಟ್ಟೆ. ಗಾಡಿಯಲ್ಲಿ ಇಲ್ಲದ್ದನ್ನು ಮನೆಯವರೆಲ್ಲ ಒಂದೊಂದು ಹಂಚಿಕೊಂಡು ತುಂಬಿದ್ದೆವು. ಈಗ ಅದರಲ್ಲಿ ಎಲ್ಲವೂ ಇದೆ. ನನಗೆ ಖುಷಿಯೂ ಇದೆ, ಮನಸ್ಸಿನಿಂದ ಹೇಳುತ್ತೇನೆ. ಹಳೇ ಬಾಕ್ಸನ್ನು ಮತ್ತೆ ಹಾಕು ಅಂದರೆ ಹಾಕುವುದಿಲ್ಲ. ನನ್ನ ಮಗ ಪಕ್ಕದಲ್ಲಿ ಕೂತು ಕಿಟಕಿಯಿಂದ ಹೊರಗೆ ನೋಡುತ್ತಾನೆ, ಹುಲಿಕಲ್ ಘಾಟಿಯ ಮಂಗಗಳನ್ನು ಎಣಿಸುತ್ತಾನೆ. ಅದು ಹಾಗೇ ಇರಬೇಕು. ಆದರೂ ಇಳಿಜಾರು ಬಂದಾಗ ನನ್ನ ಎಡಗೈ ತಾನಾಗಿ ಲಿವರಿನ ಮೇಲೆ ಹೋಗಿ ಕೂರುತ್ತದೆ, ಒತ್ತಿ ಹಿಡಿಯುತ್ತದೆ. ಹಾಗೆ ಒತ್ತಿದರೆ ಒಳಗೆ ಗೇರು ಸರಿಸುವ ಫೋರ್ಕು ಸವೆಯುತ್ತದೆ ಅಂತ ಭಾಯ್ ಎರಡು ಸಲ ಹೇಳಿದ್ದಾರೆ. ಬಿಡಿಸಿಕೊಳ್ಳುತ್ತಿದ್ದೇನೆ.

ಕೆರೆ ಏರಿಯಲ್ಲಿ ಬೇಕೆಂದೇ ಒಂದು ಸಲ ಡಬಲ್ ಕ್ಲಚ್ ಮಾಡಿ ನೋಡಿದೆ. ನ್ಯೂಟ್ರಲ್, ಹೂಂ, ಗೇರು. ಉಣುಗೋಲು ತೆಗೆದಿರಲಿಲ್ಲ. ಅಮ್ಮನನ್ನು ಕೇಳಿದರೆ, 'ಯಾರೋ ಕಲಿಯೋರು ಬಂದ್ರು ಅಂದ್ಕಂಡೆ' ಅಂದಳು. ಆಮೇಲೆ ನಾನು ಆ ಪ್ರಯತ್ನ ಬಿಟ್ಟೆ.

ಹೋದ ವಾರ ಹೊಸನಗರದಿಂದ ಗೊಬ್ಬರ ತರಲು ಹೋಗಿದ್ದೆ. ಚೀಲ ಸಾಕಷ್ಟು ಇರಲಿಲ್ಲ, ಹಿಂದಿನ ಡೋರಿನ ಎರಡೂ ಕಡೆಯ ಸರಪಳಿ ಸಡಿಲವಾಗಿ ತಗಡಿಗೆ ಬಡಿಯುತ್ತಿತ್ತು. ಹೊಸ ಬಣ್ಣ ಕಿತ್ತು ಹೋಗುತ್ತದೆ ಅಂತ ಬರುವಾಗ ಒಂದು ಹಳೇ ಸೈಕಲ್ ಟ್ಯೂಬು ಇಸಿದುಕೊಂಡು ಬಂದೆ, ಕತ್ತರಿಸಿ ಸರಪಳಿಗೆ ತೊಡಿಸಿದರೆ ಸದ್ದು ನಿಲ್ಲುತ್ತದೆ. ಕೆರೆ ಏರಿ ಹತ್ತಿ, ಬಿದಿರು ಮೆಳೆ ದಾಟಿ ಬಂದಾಗ ಮೂರು ಕೋಲೂ ಸರಿಸಿ ಅಮ್ಮ ಪಕ್ಕದಲ್ಲಿ ನಿಂತಿದ್ದಳು. ಇಳಿದು ಟ್ಯೂಬು ಕೈಗೆ ತಗೊಂಡೆ. 'ಅದೆಂತಕ್ಕೆ?' ಅಂದಳು. ಹೇಳಿದೆ. 'ಸರಪಳಿಗೆ ಎಂತದೂ ಸುತ್ತಬೇಡ' ಅಂದವಳೇ ಒಳಗೆ ಹೋದಳು, ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಟ್ಯೂಬನ್ನು ಅಪ್ಪಯ್ಯ ಕತ್ತರಿಸಿ ಔಷಧಿ ಹೊಡೆಯುವ ಡ್ರಮ್ಮಿನ ಬಾಯಿಗೆ ಕಟ್ಟಿದ್ದಾನೆ.